ಪಠ್ಯದಲ್ಲಿಲ್ಲದ ಪಾಠ: ರೂಟ್ಸ್ ರೆಗೆ ಮತ್ತು ಜಮೈಕಾದ ಬಡವರು

1977ರ ಜುಲೈ 7. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಅಂದು ಎಷ್ಟೋ ಅಂಗಡಿಗಳು ಬಾಗಿಲು ತೆರೆಯಲಿಲ್ಲ, ಎಷ್ಟೋ ಮಂದಿ ಮನೆಯಿಂದ ಹೊರಬೀಳಲಿಲ್ಲ. ಬಂದ್‌ಗೆ ಯಾರೂ ಕರೆ ಕೊಟ್ಟಿರಲಿಲ್ಲ. ಚಂಡಮಾರುತದ ಸುದ್ದಿಯೂ ಇರಲಿಲ್ಲ. ಇದ್ದದ್ದು ಒಂದು ಹಾಡು. 'ಕಲ್ಚರ್' ಎಂಬ ಮೂವರು ಗಾಯಕರ ತಂಡ ಜೋ ಗಿಬ್ಸ್ ಅವರ ಸ್ಟುಡಿಯೊದಲ್ಲಿ ಹಾಡಿದ್ದ 'ಟೂ ಸೆವೆನ್ಸ್ ಕ್ಲ್ಯಾಶ್'. ಎರಡು ಏಳುಗಳು ಎದುರುಬದುರಾದಾಗ ಲೋಕ ಅಲ್ಲೋಲಕಲ್ಲೋಲವಾಗುತ್ತದೆ ಎಂದು ಕಪ್ಪುಜನರ ನಾಯಕ ಮಾರ್ಕಸ್ ಗಾರ್ವಿ ಹಿಂದೆಯೇ ನುಡಿದಿದ್ದರು ಎಂಬ ನಂಬಿಕೆಯ ಮೇಲೆ ಕಟ್ಟಿದ ಹಾಡದು. ಇಸವಿಯಲ್ಲೇ ಎರಡು ಏಳು. ಅಂದಂತೂ ದಿನ, ತಿಂಗಳು ಸೇರಿ ನಾಲ್ಕು.

ಲೋಕ ಮುಳುಗಲಿಲ್ಲ. ಮರುದಿನ ಅಂಗಡಿಗಳು ಎಂದಿನಂತೆ ತೆರೆದವು. ಇದನ್ನು ಮೂಢನಂಬಿಕೆ ಎಂದು ನಕ್ಕು ಬಿಡುವುದು ಸುಲಭ. ಆದರೆ ಒಂದು ಗ್ರಾಮಫೋನ್ ತಟ್ಟೆ ಅಷ್ಟು ಜನರನ್ನು ಒಂದು ಹಗಲು ಮನೆಯಲ್ಲೇ ಕೂರಿಸಿದ್ದು ಹೇಗೆ? ಪತ್ರಿಕೆ ತಮ್ಮದಲ್ಲ, ರೇಡಿಯೊ ತಮ್ಮದಲ್ಲ, ಶಾಲೆಯ ಪುಸ್ತಕದಲ್ಲಿ ತಮ್ಮ ಹೆಸರಿಲ್ಲ ಎಂದುಕೊಂಡಿದ್ದ ಜನ ಹಾಡನ್ನು ನಂಬಿದ್ದರು. ಆ ನಂಬಿಕೆ ಎಲ್ಲಿಂದ ಬಂತು, ಅದರ ಹಿಂದೆ ಯಾವ ಚರಿತ್ರೆಯಿತ್ತು, ಯಾವ ಯಂತ್ರಗಳಿದ್ದವು, ಕೊನೆಗೆ ಅದರಿಂದ ಯಾರಿಗೆ ಏನು ದಕ್ಕಿತು ಎಂಬುದೇ ಈ ಉಪನ್ಯಾಸದ ವಸ್ತು. ಗೋಕರ್ಣದ ಕಡಲ ದಂಡೆಯ ಅಂಗಡಿಗಳಲ್ಲಿ ತೂಗಾಡುವ ಟೀ ಶರ್ಟುಗಳಿಂದ ರೆಗೆಯ ಪರಿಚಯವಾದವರು ಬಾಬ್ ಮಾರ್ಲಿಯ ಹೆಸರು ಮೊದಲೇ ಬರಲಿ ಎಂದು ಕಾಯಬಹುದು. ಮಾರ್ಲಿ ಬರುತ್ತಾರೆ, ಸ್ವಲ್ಪ ತಡವಾಗಿ.

ಜಮೈಕಾ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಕೊಂಚವೇ ದೊಡ್ಡದಾದ ದ್ವೀಪ. 1655ರಲ್ಲಿ ಇಂಗ್ಲಿಷರು ಅದನ್ನು ಸ್ಪೇನಿನಿಂದ ಕಿತ್ತುಕೊಂಡರು, ಕಬ್ಬು ಬೆಳೆದರು, ಕಬ್ಬಿನ ಗದ್ದೆಗೆ ಆಫ್ರಿಕಾದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. ಗುಲಾಮಗಿರಿ ರದ್ದಾಗಿ ಪೂರ್ಣ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಬಿಡುಗಡೆಯಾದವರು ಅದೇ ಕೂಲಿಗೆ ಅದೇ ಗದ್ದೆಗೆ ಮರಳಲು ಒಪ್ಪದಿದ್ದಾಗ ತೋಟದ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. 1845ರಲ್ಲಿ ಮೊದಲ ಹಡಗು ಅಲ್ಲಿ ತಲುಪಿತು. 1917ರವರೆಗೆ ಸುಮಾರು 36,000 ಭಾರತೀಯರು ಕರಾರು ಕೂಲಿಗಳಾಗಿ ಹೋದರು, ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಗಾಂಜಾ, ಚಿಲುಮೆ ಎರಡೂ ಅವರ ಗಂಟಿನಲ್ಲೇ ದ್ವೀಪಕ್ಕೆ ಬಂದವು. ಗಾಂಜಾ ಎಂಬ ಹೆಸರೇ ಜಮೈಕಾದಲ್ಲಿ ನಿಂತಿತು. 1913ರಲ್ಲಿ ವಸಾಹತು ಸರ್ಕಾರ ಗಾಂಜಾವನ್ನು ನಿಷೇಧಿಸಿತು. ಬಡವನ ಗುಡಿಸಲಿಗೆ ಪೊಲೀಸ್ ನುಗ್ಗಲು ಮುಂದಿನ ನೂರು ವರ್ಷ ಆ ಕಾನೂನೇ ನೆಪವಾಯಿತು.

ಆ ಹಾಡಿನ ಹಿಂದಿದ್ದ ಮಾರ್ಕಸ್ ಗಾರ್ವಿ 1887ರಲ್ಲಿ ಸೇಂಟ್ ಆ್ಯನ್ಸ್ ಬೇಯಲ್ಲಿ ಹುಟ್ಟಿದವರು. ಮುದ್ರಣಾಲಯದಲ್ಲಿ ಕೆಲಸ ಕಲಿತು, 1914ರಲ್ಲಿ ಕಪ್ಪುಜನರ ಸಂಘಟನೆಯೊಂದನ್ನು ಕಟ್ಟಿ, ಮುಂದೆ ಅಮೆರಿಕದ ಹಾರ್ಲೆಮ್‌ನಲ್ಲಿ ಕುಳಿತು 'ಬ್ಲ್ಯಾಕ್ ಸ್ಟಾರ್ ಲೈನ್' ಎಂಬ ಹಡಗು ಕಂಪನಿಯನ್ನೇ ತೆರೆದರು. ಯಾವ ಸಮುದ್ರ ಅಜ್ಜಂದಿರನ್ನು ಸರಪಳಿ ಬಿಗಿದು ಸಾಗಿಸಿತ್ತೋ ಅದರ ಮೇಲೆ ಮೊಮ್ಮಕ್ಕಳ ಸ್ವಂತ ಹಡಗು ಓಡಬೇಕೆಂಬುದು ಅವರ ಹಂಬಲ. ಕಂಪನಿ ಮುಳುಗಿತು, ಗಾರ್ವಿ ಜೈಲು ಕಂಡರು, 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಮಾತು ಮಾತ್ರ ಉಳಿಯಿತು.

ಆ ಮಾತಿಗೆ ಮತ್ತೊಂದು ಎಳೆ ಸೇರಿದ್ದು 1930ರ ನವೆಂಬರ್ 2ರಂದು. ರಾಸ್ ತಫಾರಿ ಎಂಬ ರಾಜವಂಶಸ್ಥ ಅಂದು ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಇಥಿಯೋಪಿಯಾದ ಚಕ್ರವರ್ತಿಯಾದರು. ಜಮೈಕಾದ ಲೆನಾರ್ಡ್ ಹೊವೆಲ್‌ರಂಥ ಕೆಲವು ಬೋಧಕರು ಬೈಬಲ್ಲಿನ ಮಾತುಗಳನ್ನು ಇದಕ್ಕೆ ಹೊಂದಿಸಿ, ಭೂಮಿಗಿಳಿದ ದೇವರು ಇವನೇ, ಕಪ್ಪುಜನರ ಬಿಡುಗಡೆ ಹತ್ತಿರವಾಯಿತು ಎಂದು ಸಾರಿದರು. ಇಂಗ್ಲೆಂಡಿನ ದೊರೆಗಲ್ಲ, ಇಥಿಯೋಪಿಯಾದ ದೊರೆಗೆ ನಿಷ್ಠರಾಗಿರಿ ಎಂದ ಹೊವೆಲ್‌ಗೆ 1934ರಲ್ಲಿ ರಾಜದ್ರೋಹದ ಮೇಲೆ ಎರಡು ವರ್ಷ ಸಜೆಯಾಯಿತು. ಹೊರಬಂದು 1940ರಲ್ಲಿ ಪಿನಾಕಲ್ ಎಂಬ ಗುಡ್ಡದ ಮೇಲೆ ನೂರಾರು ಕುಟುಂಬಗಳ ವಸಾಹತು ಕಟ್ಟಿದರು. 1954ರಲ್ಲಿ ಪೊಲೀಸರು ಅದನ್ನು ನೆಲಸಮ ಮಾಡಿದರು. ಹೊವೆಲ್ ತಮ್ಮ ಪುಸ್ತಿಕೆಗೆ ಇಟ್ಟುಕೊಂಡ ಕಾವ್ಯನಾಮ ಗಂಗುಂಗುರು ಮರಾಘ್. ಕೂಲಿ ಕೇರಿಗಳ ಹಿಂದೂಗಳಿಂದ, ರಾಸ್ ತಫಾರಿಯನ್ನು ನಂಬಿದ ಈ ರಾಸ್ತಾಗಳು ಏನೇನು ಪಡೆದರು, ಜಟೆಯೂ ಅದರಲ್ಲಿ ಸೇರಿತ್ತೆ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ; ಈ ಹೆಸರಂತೂ ಅಲ್ಲಿಂದಲೇ ಬಂದಂತಿದೆ.

1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಸ್ವತಂತ್ರ ಸರ್ಕಾರವೂ ಜಟೆ ಬಿಟ್ಟವರನ್ನು ಮೊದಲಿನಂತೆಯೇ ಕಂಡಿತು. 1963ರ ಗುಡ್ ಫ್ರೈಡೇ ಹೊತ್ತಿಗೆ ಮಾಂಟೆಗೊ ಬೇ ಹತ್ತಿರದ ಕೋರಲ್ ಗಾರ್ಡನ್ಸ್‌ನಲ್ಲಿ ಒಂದು ಜಮೀನು ಜಗಳ ಹಿಂಸೆಗೆ ತಿರುಗಿ ಎಂಟು ಮಂದಿ ಸತ್ತರು. ಅದನ್ನೇ ನೆಪಮಾಡಿಕೊಂಡು ಪೊಲೀಸರೂ ಸೇನೆಯೂ ಸೇರಿ ಸುತ್ತಲ ಊರುಗಳ ರಾಸ್ತಾಗಳನ್ನು ಹಿಡಿದು ತಂದು ಬಡಿದರು, ಜಟೆ ಕತ್ತರಿಸಿದರು. 1966ರಲ್ಲಿ ಕಿಂಗ್‌ಸ್ಟನ್‌ನ 'ಬ್ಯಾಕ್ ಓ ವಾಲ್' ಕೊಳೆಗೇರಿಯ ಮೇಲೆ ಬುಲ್ಡೋಜರ್ ಹರಿಯಿತು. ಆ ಜಾಗದಲ್ಲಿ ಎದ್ದ ಹೊಸ ಬಡಾವಣೆ ಆಡಳಿತ ಪಕ್ಷದ ಬೆಂಬಲಿಗರ ಕೋಟೆಯಾಯಿತು.

ಅದೇ 1966ರ ಏಪ್ರಿಲ್ 21ರಂದು ಚಕ್ರವರ್ತಿ ಸೆಲಾಸಿ ಖುದ್ದಾಗಿ ಕಿಂಗ್‌ಸ್ಟನ್‌ಗೆ ಬಂದರು. ವಿಮಾನ ನಿಲ್ದಾಣದಲ್ಲಿ ಜನಸಾಗರ ಕಾವಲು ಮುರಿದು ರನ್‌ವೇಗೆ ನುಗ್ಗಿ ವಿಮಾನವನ್ನು ಸುತ್ತುವರಿಯಿತು. ಜನರನ್ನು ನೋಡಿ ಚಕ್ರವರ್ತಿ ಮತ್ತೆ ಒಳಗೆ ಹೋಗಿಬಿಟ್ಟರು. ಕೆಂಪು ಗಂಬಳಿ, ಬ್ಯಾಂಡು, ಸಲಾಮು ಹೊಡೆಯಲು ಸಾಲಾಗಿ ನಿಂತ ಗಣ್ಯರು ಎಲ್ಲವೂ ಚೆಲ್ಲಾಪಿಲ್ಲಿ. ಕೊನೆಗೆ ಅಧಿಕಾರಿಗಳು ರಾಸ್ತಾ ಹಿರಿಯ ಮಾರ್ಟಿಮರ್ ಪ್ಲಾನೊ ಅವರನ್ನೇ ಬೇಡಿಕೊಂಡರು. ಅವರು ವಿಮಾನದ ಮೆಟ್ಟಿಲೇರಿ ಕೈಯೆತ್ತಿದ ಮೇಲೆ ಗುಂಪು ಸರಿದು ದಾರಿ ಬಿಟ್ಟಿತು. ಪೊಲೀಸರ ಲಾಠಿಗೆ ಒಗ್ಗಿದ್ದ ಜನರ ಮಾತನ್ನು ಸರ್ಕಾರವೇ ಕೇಳಬೇಕಾಗಿ ಬಂದ ದಿನ ಅದು. ದಾರಿಯಲ್ಲಿ ನಿಂತು ಚಕ್ರವರ್ತಿಯ ಮೆರವಣಿಗೆ ನೋಡಿದವರಲ್ಲಿ ಒಬ್ಬ ತರುಣಿ ರೀಟಾ. ಆಗಷ್ಟೇ ಆಕೆಯನ್ನು ಮದುವೆಯಾಗಿದ್ದ ಗಾಯಕ ದುಡಿಮೆಗೆಂದು ಅಮೆರಿಕಕ್ಕೆ ಹೋಗಿದ್ದ. ಅವನೇ ಬಾಬ್ ಮಾರ್ಲಿ.

ಇನ್ನು ಯಂತ್ರದ ಕತೆ. 1950ರ ದಶಕದಲ್ಲಿ ಕಿಂಗ್‌ಸ್ಟನ್‌ನ ಬಡವರಿಗೆ ಹೋಟೆಲುಗಳ ಬ್ಯಾಂಡ್ ಕೇಳುವಷ್ಟು ಹಣವಿರಲಿಲ್ಲ, ಮನೆಯಲ್ಲಿ ರೇಡಿಯೊ ಇರಲಿಲ್ಲ. ಅವರಿಗೆ ಇದ್ದದ್ದು 'ಸೌಂಡ್ ಸಿಸ್ಟಮ್': ಬಯಲಿನಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು, ಒಂದು ಆ್ಯಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಬಾಗಿಲಲ್ಲಿ ಟಿಕೆಟು, ಒಳಗೆ ಬಿಯರು ಮತ್ತು ಊಟ. ಡ್ಯೂಕ್ ರೀಡ್ ಪೊಲೀಸ್ ಕೆಲಸ ಬಿಟ್ಟು ಇದಕ್ಕಿಳಿದರು. ಅವರ ಎದುರಾಳಿ ಕ್ಲೆಮೆಂಟ್ 'ಕಾಕ್ಸನ್' ಡಾಡ್. ಅಮೆರಿಕದಿಂದ ತಂದ ಅಪರೂಪದ ರೆಕಾರ್ಡಿನ ಹೆಸರು ಇನ್ನೊಬ್ಬನಿಗೆ ತಿಳಿಯಬಾರದೆಂದು ಲೇಬಲ್ ಕೆರೆದು ಹಾಕುವುದು ಅಲ್ಲಿನ ವ್ಯಾಪಾರ ರಹಸ್ಯ. ಅಮೆರಿಕದ ಸರಕು ಬತ್ತಿದಾಗ ಇವರೇ ಸ್ಥಳೀಯ ಗಾಯಕರನ್ನು ಕರೆದು ತಟ್ಟೆ ಅಚ್ಚು ಹಾಕಿಸತೊಡಗಿದರು. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯ 13ನೇ ನಂಬರಿನಲ್ಲಿ ಸ್ಟುಡಿಯೊ ತೆರೆದರು. 'ಸ್ಟುಡಿಯೊ ಒನ್' ಅದು. ಹಾಡು ಗೆಲ್ಲುತ್ತದೋ ಸೋಲುತ್ತದೋ ಎಂದು ತೀರ್ಪು ಕೊಡುತ್ತಿದ್ದದ್ದು ವಿಮರ್ಶಕರಲ್ಲ, ಶನಿವಾರ ರಾತ್ರಿ ಬಯಲಲ್ಲಿ ಕುಣಿಯುತ್ತಿದ್ದ ಜನ.

ವಾದಕರು ಎಲ್ಲಿಂದ ಬಂದರು ಎಂದರೆ, ಬಹುಪಾಲು ಒಂದೇ ಜಾಗದಿಂದ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್, ದಿಕ್ಕಿಲ್ಲದ ಹುಡುಗರ ಶಾಲೆ. ಟ್ರೊಂಬೋನ್ ವಾದಕ ಡಾನ್ ಡ್ರಮಂಡ್, ಸ್ಯಾಕ್ಸೊಫೋನಿನ ಟಾಮಿ ಮೆಕೂಕ್ ಅಲ್ಲಿ ಬ್ಯಾಂಡ್ ಅಭ್ಯಾಸ ಮಾಡಿದವರು. 1964ರಲ್ಲಿ ಅಂಥವರೇ ಸೇರಿ ಕಟ್ಟಿದ 'ಸ್ಕಟಲೈಟ್ಸ್' ತಂಡ ಸ್ಕಾ ಸಂಗೀತವನ್ನು ಮೆರೆಸಿತು. ಎರಡು ವರ್ಷದಲ್ಲಿ ನಡೆ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು. 1968ರ ಹೊತ್ತಿಗೆ ಅದು ರೆಗೆ. ಟೂಟ್ಸ್ ಹಿಬರ್ಟ್ ಅವರ ಮೇಟಾಲ್ಸ್ ತಂಡ ಆ ವರ್ಷ ಹಾಡಿದ 'ಡೂ ದ ರೆಗೆ' ಸಂಗೀತಕ್ಕೆ ಹೆಸರನ್ನು ಅಂಟಿಸಿತು.

ರಾಸ್ತಾಗಳ ಡೋಲು ಸ್ಟುಡಿಯೊ ಬಾಗಿಲು ದಾಟಿದ್ದು ಇದಕ್ಕೂ ಮೊದಲು. 1960ರಲ್ಲಿ ಪ್ರಿನ್ಸ್ ಬಸ್ಟರ್ ಎಂಬ ನಿರ್ಮಾಪಕ ಗುಡ್ಡದ ಮೇಲಿನ ಶಿಬಿರಕ್ಕೆ ಹೋಗಿ ಕೌಂಟ್ ಆಸ್ಸಿ ಎಂಬ ರಾಸ್ತಾ ವಾದಕರನ್ನೂ ಅವರ ಸಂಗಡಿಗರನ್ನೂ ಕರೆತಂದು 'ಓ ಕ್ಯಾರೊಲಿನಾ' ಹಾಡಿಗೆ ನುಡಿಸಲು ಹಚ್ಚಿದರು. ಮೂರು ಬಗೆಯ ಡೋಲುಗಳು. ದೊಡ್ಡದು ಗುದ್ದುತ್ತದೆ, 'ಫುಂಡೆ' ಎದೆಬಡಿತದ ಹಾಗೆ ಒಂದೇ ಸಮನೆ ನಡೆಯುತ್ತದೆ, ಚಿಕ್ಕ 'ರಿಪೀಟರ್' ಮೇಲೆ ಹರಟುತ್ತದೆ. ಭಜನೆಗೆ ಕುಳಿತಂತೆ ರಾತ್ರಿಯಿಡೀ ನಡೆಯುವ ನ್ಯಾಬಿಂಗಿ ಕೂಟಗಳ ವಾದ್ಯಗಳು ಇವು.

ರಾಸ್ತಾಗಳ ನಂಬಿಕೆಯನ್ನೂ ಬಡವರ ಬದುಕನ್ನೂ ಹಾಡಿದ ರೆಗೆಯೇ ರೂಟ್ಸ್ ರೆಗೆ. ಅದರ ತಾಳವನ್ನು ತುಸು ಹತ್ತಿರದಿಂದ ನೋಡಬೇಕು. ನಾಲ್ಕು ಎಣಿಕೆ. ಮೊದಲನೆಯದು ನಮ್ಮವರು ಸಮ ಎಂದು ತೊಡೆ ತಟ್ಟುವ ಜಾಗ. ಅಲ್ಲಿ ಡ್ರಮ್ ಬಾಯಿ ಬಿಡುವುದಿಲ್ಲ. ಎರಡಕ್ಕೆ ಗಿಟಾರ್ ಚಕ್ ಎಂದು ಕತ್ತರಿಸುತ್ತದೆ. ಮೂರನೆಯದರ ಮೇಲೆ ಕಾಲಿನ ಡ್ರಮ್ಮೂ ಕೈಯ ಡ್ರಮ್ಮೂ ಒಟ್ಟಿಗೆ ಬೀಳುತ್ತವೆ. ನಾಲ್ಕಕ್ಕೆ ಮತ್ತೆ ಚಕ್. ಇದೇ 'ಒನ್ ಡ್ರಾಪ್'. ಮೊದಲ ಹೆಜ್ಜೆ ಖಾಲಿಯಿರುವುದರಿಂದ ಕೇಳುವವನ ಮೈ ತಾನೇ ಅದನ್ನು ತುಂಬಲು ಹೋಗಿ ಒಮ್ಮೆ ತೂಗುತ್ತದೆ. ಇಂಗ್ಲಿಷ್ ರಾಕ್ ಸಂಗೀತದಲ್ಲಿ ಹಿಂದೆ ನಿಲ್ಲುವ ಬೇಸ್ ಗಿಟಾರ್ ಇಲ್ಲಿ ಮುಂದೆ ಬಂದು ರಾಗ ಹಾಡುತ್ತದೆ. ಹಾಡಿನ ಗುರುತು ಹಿಡಿಯುವುದೇ ಬೇಸಿನಿಂದ. ಆ್ಯಸ್ಟನ್ ಬ್ಯಾರೆಟ್ ಬೇಸ್, ತಮ್ಮ ಕಾರ್ಲ್‌ಟನ್ ಬ್ಯಾರೆಟ್ ಡ್ರಮ್ಸ್: ಈ ಅಣ್ಣತಮ್ಮಂದಿರಿಲ್ಲದೆ ಮಾರ್ಲಿಯ ಹಾಡುಗಳು ಹಾಗೆ ಕೇಳಿಸುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ರಾಸ್ತಾ ಹಾಡು ಮಾರುಕಟ್ಟೆಗೆ ಬರುವುದು ಸುಲಭವಿರಲಿಲ್ಲ. 1969ರಲ್ಲಿ 'ಅಬಿಸ್ಸಿನಿಯನ್ಸ್' ಎಂಬ ಮೂವರು ಗಾಯಕರು ಸ್ಟುಡಿಯೊ ಒನ್‌ನಲ್ಲಿ 'ಸಟ್ಟ ಮಸಗನ' ಧ್ವನಿಮುದ್ರಿಸಿದರು. ದೂರದ ನಾಡೊಂದರ ಹಂಬಲ, ನಡುವೆ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ನುಡಿಗಳು, ಪ್ರಾರ್ಥನೆಯಂಥ ನಿಧಾನ. ಇದು ಮಾರಾಟವಾಗುವುದಿಲ್ಲ ಎಂದು ಡಾಡ್ ಟೇಪನ್ನು ಮೂಲೆಗಿಟ್ಟರು. ಎರಡು ವರ್ಷ ಕಾದು, ಗಾಯಕರು ಆ ಟೇಪನ್ನು ತಾವೇ ಕೊಂಡು 'ಕ್ಲಿಂಚ್' ಎಂಬ ತಮ್ಮದೇ ಲೇಬಲ್ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಹಾಡು ದ್ವೀಪದಲ್ಲೆಲ್ಲ ಹಬ್ಬಿ, ರಾಸ್ತಾ ಕೂಟಗಳಲ್ಲಿ ಸ್ತೋತ್ರದ ಪಟ್ಟಕ್ಕೇರಿತು. ಅದೇ ವಾದ್ಯಪಾಠದ ಮೇಲೆ ಬೇರೆಯವರು ಕಟ್ಟಿದ ಹಾಡುಗಳಿಗೆ ಲೆಕ್ಕವಿಲ್ಲ. ರೂಟ್ಸ್ ರೆಗೆ ಎಂದರೇನು ಎಂದು ಕೇಳಿದವರಿಗೆ ಮೊದಲು ಕೇಳಿಸಬೇಕಾದದ್ದು ಮಾರ್ಲಿಯನ್ನಲ್ಲ, ಇದನ್ನು.

ಎರಡನೆಯದಾಗಿ ಕೇಳಿಸಬೇಕಾದದ್ದು ಬರ್ನಿಂಗ್ ಸ್ಪಿಯರ್. ಈ ಹೆಸರಿನಲ್ಲಿ ಹಾಡುವ ವಿನ್‌ಸ್ಟನ್ ರಾಡ್ನಿ ಗಾರ್ವಿಯ ಊರಾದ ಸೇಂಟ್ ಆ್ಯನ್ಸ್ ಬೇಯವರೇ. ಜಮೈಕಾದ ಶಾಲಾಮಕ್ಕಳು ಕೊಲಂಬಸನನ್ನು, ಇಂಗ್ಲೆಂಡಿನ ರಾಜರಾಣಿಯರನ್ನು ಬಾಯಿಪಾಠ ಮಾಡುತ್ತಿದ್ದ ಕಾಲ. 1964ರಲ್ಲಿ ಗಾರ್ವಿಯ ದೇಹವನ್ನು ಲಂಡನ್ನಿನಿಂದ ತಂದು ಸಮಾಧಿ ಮಾಡಿ ರಾಷ್ಟ್ರವೀರ ಎಂದು ಕರೆದಿದ್ದರೂ, ಆತ ಏನು ಹೇಳಿದ್ದ ಎಂಬುದು ತರಗತಿಯೊಳಗೆ ಬಂದಿರಲಿಲ್ಲ. 1975ರಲ್ಲಿ ಸ್ಪಿಯರ್ 'ಮಾರ್ಕಸ್ ಗಾರ್ವಿ' ಎಂಬ ಹೆಸರಿನ ಇಡೀ ಆಲ್ಬಮ್ ತಂದರು. ಅದರಲ್ಲೇ 'ಸ್ಲೇವರಿ ಡೇಸ್' ಎಂಬ ಹಾಡೂ ಇದೆ. ಗುಲಾಮಗಿರಿಯ ದಿನಗಳು ನೆನಪಿವೆಯೇ ಎಂದು ಮತ್ತೆ ಮತ್ತೆ ಕೇಳುವುದೇ ಅದರ ರೀತಿ. ಮೇಷ್ಟರು ಕೇಳದ ಪ್ರಶ್ನೆಯನ್ನು ಸೌಂಡ್ ಸಿಸ್ಟಮ್ ಕೇಳಿತು. ಲಂಡನ್ನಿನಲ್ಲಿ ಆ ಆಲ್ಬಮ್ ಹೊರತಂದ ಐಲೆಂಡ್ ಕಂಪನಿ ಬಿಳಿಯ ಕೇಳುಗರಿಗೆ ಹಿಡಿಸಲೆಂದು ಅದನ್ನು ಮತ್ತೆ ಮಿಕ್ಸ್ ಮಾಡಿ ನಯಗೊಳಿಸಿತು. ಸ್ಪಿಯರ್ ಕೆರಳಿ ತಮ್ಮದೇ ಲೇಬಲ್ ಶುರು ಮಾಡಿದರು.

ಮಿಕ್ಸ್ ಮಾಡುವುದನ್ನೇ ಕಲೆಯಾಗಿಸಿದವರು ಆಸ್ಬೋರ್ನ್ ರಡಕ್, ಜನ ಕರೆಯುತ್ತಿದ್ದದ್ದು ಕಿಂಗ್ ಟಬ್ಬಿ ಎಂದು. ಕಸುಬು ರೇಡಿಯೊ, ಆ್ಯಂಪ್ಲಿಫೈಯರ್ ರಿಪೇರಿ. ವಾಟರ್‌ಹೌಸ್ ಕೇರಿಯ ಡ್ರಾಮಿಲಿ ಅವೆನ್ಯೂ 18ನೇ ನಂಬರಿನ ಮನೆಯ ಮುಂಗೋಣೆಯೇ ಅವರ ಸ್ಟುಡಿಯೊ. ಗಾಯಕ ಹಾಡಬೇಕಾದದ್ದು ಬಚ್ಚಲುಮನೆಯಲ್ಲಿ. ಇಡೀ ಬ್ಯಾಂಡ್ ಕೂರುವಷ್ಟು ಜಾಗವೇ ಇಲ್ಲ. ಹಾಗಾಗಿ ಬೇರೆ ಕಡೆ ಮುದ್ರಿಸಿದ ನಾಲ್ಕು ಟ್ರ್ಯಾಕಿನ ಟೇಪುಗಳನ್ನು ನಿರ್ಮಾಪಕರು ಇಲ್ಲಿಗೆ ತರುತ್ತಿದ್ದರು. ಟಬ್ಬಿ ಹಳೆಯ ಮಿಕ್ಸಿಂಗ್ ಮೇಜಿನ ಮುಂದೆ ಕೂತು ಗಾಯಕನ ದನಿಯನ್ನು ಅರ್ಧ ಸಾಲಿಗೇ ನಿಲ್ಲಿಸುವರು, ಉಳಿದ ತುಣುಕು ಪ್ರತಿಧ್ವನಿಸುತ್ತ ಕರಗುವುದು. ಗಿಟಾರ್ ಮಾಯವಾಗುವುದು, ಬೇಸ್ ಮತ್ತು ಡ್ರಮ್ ಬರಿಮೈಯಲ್ಲಿ ನಿಲ್ಲುವುವು, ಎಲ್ಲಿಂದಲೋ ಗುಡುಗು. 'ಡಬ್' ಎಂಬುದು ಇದಕ್ಕೆ ಬಿದ್ದ ಹೆಸರು. ತಟ್ಟೆಯ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಈ ಡಬ್. ಬಯಲ ಕುಣಿತದಲ್ಲಿ ಯು-ರಾಯ್, ಬಿಗ್ ಯೂತ್‌ರಂಥ 'ಡೀಜೆ'ಗಳು ಖಾಲಿ ಜಾಗಕ್ಕೆ ತಮ್ಮ ಮಾತು ಪೋಣಿಸುತ್ತಿದ್ದರು: ಅಕ್ಕಿಯ ಬೆಲೆ, ನಿನ್ನೆ ಆದ ಗುಂಡಿನ ಚಕಮಕಿ, ಬೈಬಲ್ಲಿನ ಶ್ಲೋಕ, ಹುಡುಗಿಯರ ಚೇಷ್ಟೆ ಎಲ್ಲವೂ ಒಂದೇ ಉಸಿರಿನಲ್ಲಿ. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ನ್ಯೂಯಾರ್ಕಿಗೆ ಹೋದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಒಂದು ವಠಾರದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಪಾರ್ಟಿ ಮಾಡಿದ. ಹಿಪ್‌ಹಾಪ್ ತನ್ನ ಹುಟ್ಟುಹಬ್ಬವೆಂದು ಆಚರಿಸುವುದು ಅದನ್ನೇ. ಅವನೇ ಡೀಜೆ ಕೂಲ್ ಹರ್ಕ್.

ರಾಜಕಾರಣಿಗಳಿಗೆ ಹಾಡಿನ ಬಲ ಬೇಗ ಅರ್ಥವಾಯಿತು. 1972ರ ಚುನಾವಣೆಯಲ್ಲಿ ಆಗಿನ ವಿರೋಧ ಪಕ್ಷದ ನಾಯಕ ಮೈಕೆಲ್ ಮ್ಯಾನ್ಲಿ ಗಾಯಕರನ್ನು ಲಾರಿ ಹತ್ತಿಸಿ ಊರೂರು ತಿರುಗಿಸಿದರು, ಡೆಲ್ರಾಯ್ ವಿಲ್ಸನ್ನರ ಒಂದು ಹಾಡನ್ನು ಪಕ್ಷದ ಘೋಷಣೆಯಾಗಿಸಿಕೊಂಡರು. ಸೆಲಾಸಿ ಕೊಟ್ಟದ್ದೆಂಬ ಒಂದು ಊರುಗೋಲನ್ನು ಸಭೆಗಳಲ್ಲಿ ಎತ್ತಿ ತೋರಿಸುತ್ತಿದ್ದರು; ಜನ ಅವರನ್ನು ಬೈಬಲ್ಲಿನ ಜೋಶುವಾ ಎಂದು ಕರೆದರು. ಅವರು ಗೆದ್ದು ಪ್ರಧಾನಿಯಾದರು. ಬಡವರಿಗೆ ಕೆಲವು ಒಳ್ಳೆಯ ಕಾನೂನುಗಳು ಬಂದವು. ಆದರೆ ಎರಡೂ ಪಕ್ಷಗಳು ಕೊಳೆಗೇರಿಗಳನ್ನು ಹಂಚಿಕೊಂಡು ಪುಂಡರ ಕೈಗೆ ಬಂದೂಕು ಕೊಟ್ಟಿದ್ದವು. ಯಾವ ಬೀದಿಯಲ್ಲಿ ಹುಟ್ಟಿದೆ ಎಂಬುದೇ ಯಾವ ಪಕ್ಷ ಎಂಬುದನ್ನು ತೀರ್ಮಾನಿಸುತ್ತಿತ್ತು.

ಮಾರ್ಲಿ ಈ ಬೀದಿಗಳಿಂದ ಬಂದವರು. 1945ರ ಫೆಬ್ರುವರಿ 6ರಂದು ನೈನ್ ಮೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಕಿಂಗ್‌ಸ್ಟನ್‌ನ ಟ್ರೆಂಚ್ ಟೌನ್‌ನಲ್ಲಿ ಬೆಳೆದು, ಜೋ ಹಿಗ್ಸ್ ಎಂಬ ಹಿರಿಯ ಗಾಯಕರ ಅಂಗಳದಲ್ಲಿ ಪೀಟರ್ ಟಾಶ್, ಬನಿ ವೇಲರ್ ಜೊತೆ ಸ್ವರ ಕೂಡಿಸಲು ಕಲಿತವರು. 1973ರಲ್ಲಿ ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಹೊರತಂದ 'ಕ್ಯಾಚ್ ಎ ಫೈರ್' ಅವರನ್ನು ಜಗತ್ತಿಗೆ ತೋರಿಸಿತು. 1976ರ ಡಿಸೆಂಬರ್ 3ರ ರಾತ್ರಿ, ಸರ್ಕಾರದ ಬೆಂಬಲವಿದ್ದ ಉಚಿತ ಕಛೇರಿಗೆ ಎರಡು ದಿನ ಇರುವಾಗ, ಬಂದೂಕುಧಾರಿಗಳು ಹೋಪ್ ರಸ್ತೆಯ 56ನೇ ನಂಬರಿನ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಮಾರ್ಲಿಯ ಎದೆ ಸವರಿ ತೋಳಿಗೆ, ರೀಟಾ ಅವರ ತಲೆಗೆ ಪೆಟ್ಟು. ಮ್ಯಾನೇಜರ್ ಡಾನ್ ಟೇಲರ್‌ಗೆ ಹಲವು ಗುಂಡು. ಆದರೂ 5ರಂದು ಮಾರ್ಲಿ ವೇದಿಕೆ ಏರಿದರು, ಆಮೇಲೆ ದೇಶ ಬಿಟ್ಟರು. 1978ರ ಏಪ್ರಿಲ್ 22ರ ಶಾಂತಿ ಕಛೇರಿಗೆ ಮರಳಿ ಬಂದು, ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಕೈಗೆ ಕೈ ಸೇರಿಸಿ ಮೇಲೆತ್ತಿದರು. ಆ ಫೋಟೊ ಎಲ್ಲರಿಗೂ ಗೊತ್ತು.

ಫೋಟೊದ ಆಚೀಚೆಗಿನದು ಅಷ್ಟಾಗಿ ಗೊತ್ತಿಲ್ಲ. ಅದೇ ವೇದಿಕೆಯಲ್ಲಿ ಪೀಟರ್ ಟಾಶ್, ಎದುರಿಗೆ ಕೂತ ಇಬ್ಬರು ನಾಯಕರನ್ನೂ ಪೊಲೀಸರನ್ನೂ ತರಾಟೆಗೆ ತೆಗೆದುಕೊಂಡು ಬಹಳ ಹೊತ್ತು ಮಾತಾಡಿದ್ದರು. ತಮಗೆ ಬೇಕಾದದ್ದು ಬರಿಯ ಶಾಂತಿಯಲ್ಲ, ಸಮಾನ ಹಕ್ಕು ಎಂಬುದು ಅವರ ವಾದ. ಕೆಲವೇ ತಿಂಗಳಲ್ಲಿ ಪೊಲೀಸರು ಅವರನ್ನು ಹಿಡಿದು ಸಾಯುವ ಹಾಗೆ ಹೊಡೆದರು. ಶಾಂತಿಗೆ ಮುಂದಾಗಿದ್ದ ಎರಡೂ ಬಣದ ಗುಂಪು ನಾಯಕರಲ್ಲಿ ಒಬ್ಬ 1979ರಲ್ಲಿ ಪೊಲೀಸರ ಗುಂಡಿಗೆ, ಇನ್ನೊಬ್ಬ ಮರುವರ್ಷ ನ್ಯೂಯಾರ್ಕಿನಲ್ಲಿ ಸತ್ತರು. 1980ರ ಚುನಾವಣಾ ವರ್ಷದಲ್ಲಿ ಸುಮಾರು 800 ಜನ ಕೊಲೆಯಾದರು. ಹಾಡು ಬಂದೂಕನ್ನು ಕೆಳಗಿಳಿಸಲಿಲ್ಲ. ರೆಗೆಯ ಅಭಿಮಾನಿಗಳು ಆ ಫೋಟೊವನ್ನು ಗೋಡೆಗೆ ಹಾಕುವಾಗ ಇದನ್ನು ಮರೆಯಬಾರದು.

ರೂಟ್ಸ್ ರೆಗೆ ನಿಜಕ್ಕೂ ಗೆದ್ದದ್ದು ಬೇರೆ ಕಡೆ: ಬಿಳಿಯರ ನಾಡಿನಲ್ಲಿ, ಮನೆ ಕಳೆದುಕೊಂಡವರ ನಡುವೆ. ಬ್ರಿಟನ್ನಿನ ಉದಾಹರಣೆ ಸ್ವಾರಸ್ಯದ್ದು. ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ 1974ರಲ್ಲಿ ಮಾರ್ಲಿಯ ಹಾಡೊಂದನ್ನು ಹಾಡಿ ಅಮೆರಿಕದ ಪಟ್ಟಿಯ ತುದಿಗೇರಿದ್ದರು. ಅದೇ ಕ್ಲ್ಯಾಪ್ಟನ್ 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆಯಿಂದ, ಕುಡಿದ ಮತ್ತಿನಲ್ಲಿ, ವಲಸಿಗರನ್ನು ಓಡಿಸಬೇಕೆಂದು ಒದರಿದರು. ಸಿಟ್ಟಿಗೆದ್ದ ಕೆಲವರು ಪತ್ರಿಕೆಗಳಿಗೆ ಬರೆದ ಕಾಗದದಿಂದ 'ರಾಕ್ ಅಗೇನ್‌ಸ್ಟ್ ರೇಸಿಸಮ್' ಚಳವಳಿ ಹುಟ್ಟಿತು. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಪಂಕ್ ತಂಡ 'ದ ಕ್ಲ್ಯಾಶ್' ನುಡಿಸಿದ ವೇದಿಕೆಯಲ್ಲೇ ಬರ್ಮಿಂಗ್‌ಹ್ಯಾಮ್‌ನ ವಲಸಿಗರ ಮಕ್ಕಳು ಕಟ್ಟಿದ 'ಸ್ಟೀಲ್ ಪಲ್ಸ್' ರೆಗೆ ನುಡಿಸಿತು. ಮರುವರ್ಷ ಪಂಜಾಬಿಗಳು ತುಂಬಿದ ಸೌತಾಲ್‌ನಲ್ಲಿ ಜನಾಂಗದ್ವೇಷಿ ನ್ಯಾಷನಲ್ ಫ್ರಂಟ್ ಸಭೆ ನಡೆಸಲು ಬಂದಾಗ ಬೀದಿಗಿಳಿದವರು ಭಾರತೀಯರೂ ಕೆರಿಬಿಯನ್ನರೂ ಒಟ್ಟಾಗಿ. ಅಂದು ಬ್ಲೇರ್ ಪೀಚ್ ಎಂಬ ಶಿಕ್ಷಕ ಸತ್ತರು. ಆ ಊರಿನದೇ ರೆಗೆ ತಂಡ 'ಮಿಸ್ಟಿ ಇನ್ ರೂಟ್ಸ್' ಇದ್ದ ಕಟ್ಟಡಕ್ಕೆ ಪೊಲೀಸರು ನುಗ್ಗಿ ವಾದ್ಯಸಾಮಗ್ರಿ ಪುಡಿಮಾಡಿದರು, ತಂಡದ ಮ್ಯಾನೇಜರ್ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿ ಮಲಗಿದರು.

ಕ್ರಿಕೆಟ್ಟಿನಲ್ಲೂ ಇದರ ಬಣ್ಣ ಕಾಣಿಸಿತು. ಸಭೆಯಲ್ಲಿರುವ ಹಿರಿಯರಿಗೆ 1974ರ ನವೆಂಬರಿನ ಬೆಂಗಳೂರು ಟೆಸ್ಟ್ ನೆನಪಿರಬಹುದು. ಮುಂದೆ ಚಿನ್ನಸ್ವಾಮಿ ಎಂಬ ಹೆಸರು ಪಡೆದ ಕ್ರೀಡಾಂಗಣದ ಮೊದಲ ಟೆಸ್ಟ್ ಅದು. ಆಂಟಿಗಾ ದ್ವೀಪದ ಹುಡುಗನೊಬ್ಬ ಅಲ್ಲಿ ಪದಾರ್ಪಣೆ ಮಾಡಿ, ಎರಡೂ ಇನಿಂಗ್ಸಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್‌ಗೆ ಬಲಿಯಾದ, ಗಳಿಕೆ 4 ಮತ್ತು 3. ಮುಂದಿನ ದೆಹಲಿ ಟೆಸ್ಟಿನಲ್ಲಿ ಅಜೇಯ 192 ಹೊಡೆದು ಸಾಲ ತೀರಿಸಿದ. ವಿವಿಯನ್ ರಿಚರ್ಡ್ಸ್ ಆಮೇಲಿನ ವರ್ಷಗಳಲ್ಲಿ ಮಣಿಕಟ್ಟಿಗೆ ರಾಸ್ತಾಗಳ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಕಟ್ಟಿ ಬ್ಯಾಟಿಗಿಳಿಯುತ್ತಿದ್ದರು. ಹಸಿರು ಆಫ್ರಿಕಾದ ನೆಲ, ಹಳದಿ ಕದ್ದೊಯ್ದ ಚಿನ್ನ, ಕೆಂಪು ಹರಿದ ರಕ್ತ. ಬಿಳಿಯರ ಆಳ್ವಿಕೆಯ ದಕ್ಷಿಣ ಆಫ್ರಿಕಾದಲ್ಲಿ ಆಡಲು ಬಂದ ದೊಡ್ಡ ಮೊತ್ತದ ಆಮಿಷವನ್ನು ಅವರು ತಿರಸ್ಕರಿಸಿದರು.

1980ರ ಏಪ್ರಿಲ್ 17ರ ನಡುರಾತ್ರಿ ರೊಡೇಷಿಯಾ ಅಳಿದು ಜಿಂಬಾಬ್ವೆಯಾದಾಗ ರುಫಾರೊ ಕ್ರೀಡಾಂಗಣದ ಸಮಾರಂಭದಲ್ಲಿ ಹಾಡಿದ್ದು ಮಾರ್ಲಿ. ಗೆರಿಲ್ಲಾ ಹೋರಾಟಗಾರರು ಕಾಡಿನಲ್ಲಿ ಅವರ ಟೇಪುಗಳನ್ನು ಕೇಳಿದ್ದರು. ವಾದ್ಯ, ಸ್ಪೀಕರ್ ಸಾಗಿಸಿದ ಖರ್ಚು ಅವರದೇ. ಒಳಗೆ ಗಣ್ಯರು, ಗೇಟಿನಾಚೆ ಜನ. ಜನ ನುಗ್ಗಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು, ಹೊಗೆ ವೇದಿಕೆಗೂ ಬಂತು. ಹೊರಗುಳಿದವರಿಗಾಗಿ ಮಾರ್ಲಿ ಮತ್ತೊಮ್ಮೆ ಹಾಡಿದರು. ಮುಂದಿನ ವರ್ಷ ಮೇ 11ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 36.

ಇನ್ನೂ ದೂರಕ್ಕೆ ಹೋದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ 'ನೋ ಫಿಕ್ಸ್ಡ್ ಅಡ್ರೆಸ್' ತಂಡ, ನ್ಯೂಜಿಲೆಂಡಿನ ಮಾವೊರಿ ಮತ್ತು ಪೆಸಿಫಿಕ್ ದ್ವೀಪದವರ 'ಹರ್ಬ್ಸ್'. ಹರ್ಬ್ಸ್‌ನ 1981ರ ಮೊದಲ ತಟ್ಟೆಯ ಮುಖಪುಟದಲ್ಲಿ ಬ್ಯಾಸ್ಟಿಯನ್ ಪಾಯಿಂಟ್‌ನಲ್ಲಿ ತಮ್ಮ ನೆಲಕ್ಕಾಗಿ ಕೂತಿದ್ದ ಮಾವೊರಿಗಳನ್ನು ಪೊಲೀಸರು ಎಬ್ಬಿಸಿದ ಚಿತ್ರವಿದೆ. ಜಮೈಕಾವನ್ನು ಕಣ್ಣಿಂದ ಕಾಣದವರಿಗೆ ಆ ತಾಳದಲ್ಲಿ ತಮ್ಮ ಭೂಮಿಯ ಮಾತು ಹೇಳಲು ಬಂತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಹೊಗಳಿಕೆ ತಡವರಿಸುತ್ತದೆ. 'ಬ್ಯಾಬಿಲೋನ್' ಎಂದು ತಾವು ಕರೆಯುತ್ತಿದ್ದ ಆಳುವ ವ್ಯವಸ್ಥೆಯ ದಬ್ಬಾಳಿಕೆಯನ್ನು ಹಾಡಿದ ರಾಸ್ತಾ ಪುರುಷರು ಮನೆಯಲ್ಲಿ ಹೆಂಗಸರ ತಲೆಗೆ ಬಟ್ಟೆ ಹೊದಿಸಿದರು. ಕೆಲವು ಪಂಗಡಗಳಲ್ಲಿ ಮುಟ್ಟಾದವರು ಬೇರೆ ಕೂರಬೇಕು. ಮಾರ್ಲಿಯ ಹಿಂದೆ ನಿಂತು ಹಾಡುತ್ತಿದ್ದ ಮೂವರಲ್ಲಿ ಜೂಡಿ ಮೊವಾಟ್ ಮುಂದೆ ಬಂದು ತಾವೇ ನಿರ್ಮಿಸಿದ 'ಬ್ಲ್ಯಾಕ್ ವುಮನ್' ಆಲ್ಬಮ್ ರೂಟ್ಸ್ ರೆಗೆಯ ಅತ್ಯುತ್ತಮ ತಟ್ಟೆಗಳಲ್ಲಿ ಒಂದು. ಅಂಥದು ಎರಡನೆಯದನ್ನು ಹುಡುಕಲು ಕಷ್ಟಪಡಬೇಕು. ದುಡ್ಡಿನ ಕತೆಯೂ ಹೀಗೆಯೇ. ಗಾಯಕನಿಗೆ ಹಾಡಿಗಿಷ್ಟು ಎಂದು ಕೈಗೆ ಕೊಟ್ಟರೆ ವ್ಯವಹಾರ ಮುಗಿಯಿತು. ಮುಂದಿನ ಲಾಭ ತಟ್ಟೆ ಅಚ್ಚು ಹಾಕಿಸಿದವನದು.

1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಪುಟ್ಟ ಕ್ಯಾಸಿಯೊ ಕೀಬೋರ್ಡಿನ ಸಿದ್ಧ ತಾಳದ ಮೇಲೆ ನಿಂತಿತ್ತು. ಬ್ಯಾಂಡಿನ ಖರ್ಚೇ ಉಳಿಯಿತು. ಡಾನ್ಸ್‌ಹಾಲ್ ಯುಗ ಶುರುವಾಗಿ, ರೂಟ್ಸ್ ಊರಿನಲ್ಲಿ ಹಳೆಯದಾಯಿತು, ಯುರೋಪಿನ ಉತ್ಸವಗಳಲ್ಲಿ ಬದುಕಿತು.

ಸರ್ಕಾರದ ನೋಟ ಬದಲಾದದ್ದು ಬಹಳ ತಡವಾಗಿ. 2015ರಲ್ಲಿ ಜಮೈಕಾ ಸ್ವಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆದು, ರಾಸ್ತಾಗಳ ಪೂಜಾಬಳಕೆಯನ್ನು ಒಪ್ಪಿತು. 2017ರ ಏಪ್ರಿಲ್‌ನಲ್ಲಿ ಪ್ರಧಾನಿ ಆ್ಯಂಡ್ರೂ ಹೋಲ್ನೆಸ್ ಸಂಸತ್ತಿನಲ್ಲಿ ಕೋರಲ್ ಗಾರ್ಡನ್ಸ್ ದೌರ್ಜನ್ಯಕ್ಕೆ ಕ್ಷಮೆ ಕೇಳಿದರು. 54 ವರ್ಷದ ಮೇಲೆ, ಬದುಕುಳಿದ ಮುದುಕರಿಗಾಗಿ ಒಂದು ನಿಧಿಯೂ ಬಂತು. 2018ರ ನವೆಂಬರ್‌ನಲ್ಲಿ ಯುನೆಸ್ಕೊ ಜಮೈಕಾದ ರೆಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ 2018ರಲ್ಲಿ ಕಿಂಗ್‌ಸ್ಟನ್ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯೊಂದು, ಜಟೆ ಕತ್ತರಿಸದೆ ತರಗತಿಗೆ ಸೇರಿಸುವುದಿಲ್ಲ ಎಂದು ಐದು ವರ್ಷದ ಹುಡುಗಿಯ ತಂದೆತಾಯಿಗೆ ಹೇಳಿತು. ಅವರು ನ್ಯಾಯಾಲಯಕ್ಕೆ ಹೋದರು. ತಾತ್ಕಾಲಿಕ ಆದೇಶದ ಬಲದಿಂದ ಮಗು ಜಟೆಯೊಂದಿಗೇ ಶಾಲೆಗೆ ಹೋಗತೊಡಗಿತು. 2020ರ ಜುಲೈ 31ರಂದು ಸುಪ್ರೀಂ ಕೋರ್ಟ್ ಶಾಲೆ ಮಗುವಿನ ಸಾಂವಿಧಾನಿಕ ಹಕ್ಕನ್ನು ಮುರಿದಿಲ್ಲ ಎಂದು ತೀರ್ಪಿತ್ತಿತು. ಮರುದಿನ ಗುಲಾಮಗಿರಿ ಕೊನೆಗೊಂಡದ್ದರ ನೆನಪಿನ ವಿಮೋಚನಾ ದಿನ, ದೇಶಕ್ಕೆಲ್ಲ ರಜೆ. ತಂದೆತಾಯಿ ಮೇಲ್ಮನವಿ ಹಾಕಿದರು, ಕೆಲವು ವರ್ಷಗಳ ಮೇಲೆ ಮೇಲಿನ ನ್ಯಾಯಾಲಯ ಮಗುವಿನ ಪರ ನಿಂತಿತು.